ಬಿಎ ಇತಿಹಾಸಕ್ಕೆ ಯಾವ ಕಾಲೇಜು? ಸೇರುವ ಮುಂಚೆ ಕೇಳಿ ನೋಡಿ

ಪಿಯುಸಿ ರಿಸಲ್ಟ್ ಬಂದ ಕೂಡಲೇ ಬಾಗಲಕೋಟೆ ಕಡೆಯ ಮನೆಗಳಲ್ಲಿ ಬಸ್ಸು, ಹಾಸ್ಟೆಲ್, ಫೀ ಲೆಕ್ಕ ಶುರುವಾಗುತ್ತದೆ. ಅದೂ ಬೇಕು. ಆದರೆ ಮೊದಲು ಕಾಂಬಿನೇಷನ್ ನೋಡಿ.

2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಬಿಎ. ಕೆಎಎಸ್ ಕನಸಿದ್ದರೆ ಇತಿಹಾಸದ ಜೊತೆ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಸರಿಹೋಗುತ್ತವೆ. ಶಾಸನಗಳ ಹುಚ್ಚಿದ್ದರೆ ಐಚ್ಛಿಕ ಕನ್ನಡ ತಗೊಳ್ಳಿ. ಹಳಗನ್ನಡ ಬಾರದೆ ಶಾಸನ ಓದುವುದು ಹೇಗೆ, ಅಲ್ವಾ? ಪ್ರಾಸ್ಪೆಕ್ಟಸ್‌ನಲ್ಲಿ ಇದ್ದದ್ದೆಲ್ಲ ಕ್ಲಾಸಿನಲ್ಲಿ ಇರುವುದಿಲ್ಲ. ಹೋದ ವರ್ಷ ಆ ಕಾಂಬಿನೇಷನ್ ನಿಜಕ್ಕೂ ನಡೆದಿತ್ತಾ ಎಂದು ಕೇಳಿ.

ಆಮೇಲೆ ವಿಶ್ವವಿದ್ಯಾಲಯ. ಬೆಳಗಾವಿಯಲ್ಲಿ 2010ರಲ್ಲಿ ಶುರುವಾದ ರಾಣಿ ಚನ್ನಮ್ಮ ವಿವಿ ಇದೆ, ಜಮಖಂಡಿಯಲ್ಲಿ ಹೊಸ ಬಾಗಲಕೋಟೆ ವಿವಿ, ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿವಿ. ನಿಮ್ಮ ಕಾಲೇಜು ಯಾವುದಕ್ಕೆ ಸೇರಿದೆಯೋ ಅದರ ಸಿಲಬಸ್ಸನ್ನೇ ತೆರೆದು ಓದಿ.

ಇನ್ನು ಮೇಷ್ಟ್ರುಗಳು. ನನ್ನ ಪ್ರಕಾರ ಅರ್ಧ ತೀರ್ಮಾನ ಇಲ್ಲೇ ಆಗಬೇಕು. ಇತಿಹಾಸ ವಿಭಾಗದಲ್ಲಿ ಕಾಯಂ ಇರುವವರು ಎಷ್ಟು ಮಂದಿ? ಅತಿಥಿ ಉಪನ್ಯಾಸಕರು ಪಾಠದಲ್ಲಿ ಕಡಿಮೆಯೇನಲ್ಲ, ಎಷ್ಟೋ ಕಡೆ ಅವರೇ ಚೆನ್ನಾಗಿ ಪಾಠ ಮಾಡುತ್ತಾರೆ. ಆದರೆ ಅವರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಸುಮ್ನೆ ಹೋಗುತ್ತವೆ. ಪ್ರಿನ್ಸಿಪಾಲರನ್ನು ಕೇಳಬೇಡಿ, ಕ್ಯಾಂಟೀನಿನಲ್ಲಿ ಕೂತ ಎರಡನೇ ವರ್ಷದವರನ್ನು ಕೇಳಿ. ಲೈಬ್ರರಿಗೂ ಹೋಗಿ. ಹಳೆಯ ಬಿಜಾಪುರ ಜಿಲ್ಲಾ ಗ್ಯಾಸೆಟಿಯರ್, ಅಂದರೆ ಜಿಲ್ಲೆಯ ವಿವರಗಳಿರುವ ಸರ್ಕಾರಿ ಗ್ರಂಥ, ಕೊಡಿ ಎನ್ನಿ. 1997ರವರೆಗೆ ಬಾಗಲಕೋಟೆಯೂ ಅದೇ ಜಿಲ್ಲೆಯಲ್ಲಿತ್ತು, ಹಾಗಾಗಿ ಎರಡೂ ಊರಿನವರಿಗೆ ಬೇಕಾದ ಪುಸ್ತಕ. ಬೀರುವಿನ ಕೀಲಿ ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿದರೆ ಅರ್ಥ ಮಾಡಿಕೊಳ್ಳಿ.

ಹೊರಗೆ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಎನ್ನುವುದೂ ಮುಖ್ಯ. ಐಹೊಳೆಯ ಮೇಗುತಿ ಬಸದಿಯಲ್ಲಿ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ 634ರ ಶಾಸನ, ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಚಾಲುಕ್ಯ ಮಂಗಳೇಶನ ಶಾಸನ, ವಿಜಯಪುರದ ಗೋಳಗುಮ್ಮಟದ ಅಂಗಳದಲ್ಲೇ ಮ್ಯೂಸಿಯಂ. ಬೆಳಗಾವಿ ಕಡೆಯವರಿಗೆ 1824ರ ಯುದ್ಧ ಕಂಡ ಕಿತ್ತೂರಿನ ಕೋಟೆ ಇದೆ. ಇಷ್ಟೆಲ್ಲ ಪಕ್ಕದಲ್ಲೇ ಇಟ್ಟುಕೊಂಡು ಅಧ್ಯಯನ ಪ್ರವಾಸ ಅಂದರೆ ಗೋವಾ ಎನ್ನುವ ವಿಭಾಗವಾದರೆ ನಕ್ಕು ಎದ್ದು ಬನ್ನಿ.

ಕಾಲೇಜಿನ ಗುಣಮಟ್ಟಕ್ಕೆ ಕೊಡುವ ನ್ಯಾಕ್ ಗ್ರೇಡ್ ನೋಡುವಾಗ ಅದು ಯಾವ ವರ್ಷದ್ದು ಎಂದೂ ನೋಡಿ. ಫೀ ಜಾಸ್ತಿ ಅನಿಸಿದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದ್ದೇ ಇದೆ. ಡಿಗ್ರಿ ಪ್ರವೇಶದ ಯುಯುಸಿಎಂಎಸ್‌ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ವಿಷಯಗಳನ್ನು ನೀವೇ ಕೂತು ಆರಿಸಿ, ಸೈಬರ್ ಸೆಂಟರಿನವರ ಕೈಗೆ ಬಿಡಬೇಡಿ.