ವಿಡಿಯೊ ಕಾಲ್‌ನಲ್ಲಿ ಚೆನ್ನಾಗಿ ಕಾಣಬೇಕೇ? ಮೊದಲು ಕಿಟಕಿ ಹುಡುಕಿ

ಸಂದರ್ಶನವೋ, ಕ್ಲೈಂಟ್ ಮೀಟಿಂಗೋ, ನಾಳೆ ವಿಡಿಯೊ ಕಾಲ್ ಇದೆ ಅಂದಕೂಡಲೇ ಹೊಸ ವೆಬ್‌ಕ್ಯಾಮ್, ರಿಂಗ್ ಲೈಟ್ ಹುಡುಕಲು ಕೂರಬೇಡಿ. ಒಂದು ಕಿಟಕಿ, ನಾಲ್ಕು ದಪ್ಪ ಪುಸ್ತಕ, ವೈರ್ ಇರುವ ಒಂದು ಇಯರ್‌ಫೋನ್ ಸಾಕು. ಮುಕ್ಕಾಲು ಪಾಲು ಕೆಲಸ ಅಷ್ಟರಲ್ಲೇ ಆಗುತ್ತದೆ.

1. ಬೆಳಕಿನ ಕಡೆ ಮುಖ ಮಾಡಿ

ಕಿಟಕಿಗೆ ಬೆನ್ನು ಹಾಕಿ ಕೂತರೆ ಕ್ಯಾಮೆರಾ ಆ ಬೆಳಕಿಗೇ ಹೊಂದಿಕೊಳ್ಳುತ್ತದೆ. ನಿಮ್ಮ ಮುಖ ಕಪ್ಪಗಾಗುತ್ತದೆ. ಕುರ್ಚಿ ತಿರುಗಿಸಿ, ಕಿಟಕಿ ಎದುರಿಗೆ ಬರಲಿ. ನೇರ ಬಿಸಿಲು ಬಿದ್ದರೆ ತೆಳು ಪರದೆ ಎಳೆಯಿರಿ.

ರಾತ್ರಿಯಾದರೆ? ತಲೆಯ ಮೇಲಿನ ದೀಪವೊಂದನ್ನೇ ನಂಬಬೇಡಿ, ಕಣ್ಣಿನ ಕೆಳಗೆ ನೆರಳು ಬಿದ್ದು ಸುಸ್ತಾದವರಂತೆ ಕಾಣುತ್ತೀರಿ. ಲ್ಯಾಪ್‌ಟಾಪ್‌ನ ಹಿಂದೆ ಟೇಬಲ್ ಲ್ಯಾಂಪ್ ಇಟ್ಟು, ಎದುರಿನ ಬಿಳಿ ಗೋಡೆಗೆ ತಿರುಗಿಸಿ. ಗೋಡೆಗೆ ಬಡಿದು ವಾಪಸ್ ಬರುವ ಬೆಳಕು ಮುಖಕ್ಕೆ ಹಿತವಾಗಿರುತ್ತದೆ. ಬೆಳಕು ಕಡಿಮೆಯಾದಷ್ಟೂ ಲ್ಯಾಪ್‌ಟಾಪ್‌ನ ಪುಟ್ಟ ಸೆನ್ಸರ್ ಒದ್ದಾಡುತ್ತದೆ: ಚಿತ್ರ ಕಾಳುಕಾಳಾಗುತ್ತದೆ, ಕೈ ಆಡಿಸಿದರೆ ಮಸುಕಾಗುತ್ತದೆ. ಕ್ಯಾಮೆರಾ ಸರಿ ಇಲ್ಲ ಅಂತ ಬೈಯುವವರ ಅಸಲಿ ತೊಂದರೆ ಎಷ್ಟೋ ಸಲ ಇದೇ.

ಕನ್ನಡಕ ಹಾಕುವವರಿಗೆ ಇನ್ನೊಂದು ಕಿರಿಕಿರಿ, ಗಾಜಿನಲ್ಲಿ ಸ್ಕ್ರೀನ್ ಹೊಳೆಯುವುದು. ಲ್ಯಾಂಪನ್ನು ಮೇಲಕ್ಕೆ, ಪಕ್ಕಕ್ಕೆ ಸರಿಸಿ. ಸ್ಕ್ರೀನ್‌ನ ಬ್ರೈಟ್‌ನೆಸ್ ಇಳಿಸಿ.

2. ಲೆನ್ಸ್ ಕಣ್ಣಿನ ಮಟ್ಟಕ್ಕೆ ಬರಲಿ

ಮೇಜಿನ ಮೇಲೆ ಹಾಗೇ ಇಟ್ಟ ಲ್ಯಾಪ್‌ಟಾಪ್ ನಿಮ್ಮನ್ನು ಕೆಳಗಿನಿಂದ ನೋಡುತ್ತದೆ. ಆ ಕಡೆಯವರಿಗೆ ಕಾಣುವುದು ಗದ್ದ, ಮೂಗಿನ ಹೊಳ್ಳೆ, ಹಿಂದೆ ಫ್ಯಾನ್! ಲೆನ್ಸ್ ಕಣ್ಣಿನ ನೇರಕ್ಕೆ ಬರುವವರೆಗೆ ಪುಸ್ತಕ ಪೇರಿಸಿ. ಒಂದು ಕೈ ಚಾಚಿದಷ್ಟು ದೂರ ಕೂರಿ. ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಾಣುತ್ತದೆ. ತಲೆಯ ಮೇಲೆ ಎರಡು ಬೆರಳಿನಷ್ಟು ಜಾಗ ಇರಲಿ, ಭುಜ ಪೂರ್ತಿ ಕಾಣಲಿ. ಹಾಂ, ಲೆನ್ಸ್ ಒಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಬೆರಳಿನ ಜಿಡ್ಡು ಅಲ್ಲೇ ಕೂತಿರುತ್ತದೆ.

3. ದನಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಸಹಿಸುವುದಿಲ್ಲ. ಹಲವು ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ಮೈಕ್ ಶುರುವಾದೊಡನೆ ದನಿಯ ಗುಣಮಟ್ಟ ಇಳಿಯುತ್ತದೆ. ಅದಕ್ಕೇ ವೈರ್ ಇರುವುದೇ ವಾಸಿ. ಪರದೆ, ಹಾಸಿಗೆ ಇರುವ ಕೋಣೆಯಲ್ಲಿ ದನಿ ಗುಂಯ್‌ಗುಡುವುದಿಲ್ಲ.

ಇಬ್ಬರೂ ಒಟ್ಟಿಗೆ ಬಾಯಿ ತೆರೆದು, 'ನೀವು ಹೇಳಿ, ನೀವು ಹೇಳಿ' ಅನ್ನುವುದು ಗೊತ್ತಲ್ವಾ? ದನಿ ತಲುಪುವುದು ತಡವಾದಾಗ ಹಾಗಾಗುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ತಲುಪಿದರೆ ಮಾತುಕತೆ ಸಲೀಸು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ನೆಟ್ ನಮ್ಮ ಕೈಯಲ್ಲಿಲ್ಲ. ಅವರ ಮಾತು ಮುಗಿದ ಮೇಲೆ ಒಂದು ಕ್ಷಣ ಬಿಟ್ಟು ಶುರು ಮಾಡುವುದು ನಮ್ಮ ಕೈಯಲ್ಲಿದೆ. ಯೋಚಿಸಿ ಮಾತಾಡುವವರು ಅನ್ನಿಸಿಕೊಳ್ಳುವುದು ಬೋನಸ್.

4. ಬಟ್ಟೆ, ಹಿನ್ನೆಲೆ

ಸಣ್ಣ ಗೆರೆ, ಸಣ್ಣ ಚೌಕಳಿ ಬೇಡ, ಸ್ಕ್ರೀನ್ ಮೇಲೆ ಅಲೆಯಲೆಯಾಗಿ ಮಿನುಗುತ್ತದೆ. ಗೋಡೆಯ ಬಣ್ಣದ ಅಂಗಿಯೂ ಬೇಡ. ಸಾದಾ ಗೋಡೆ ಇದ್ದರೆ ವರ್ಚುವಲ್ ಹಿನ್ನೆಲೆಯ ಗೋಜಿಗೆ ಹೋಗಬೇಡಿ. ಕೂದಲ ಅಂಚು ಮಾಯವಾಗಿ, ಕಿವಿ ಬಂದು ಹೋಗಿ ಮಾಡುತ್ತಿದ್ದರೆ ಕೇಳುವವರ ಗಮನವೆಲ್ಲ ಅಲ್ಲೇ.

5. ನಿಮ್ಮನ್ನು ನೀವೇ ನೋಡಿಕೊಳ್ಳಬೇಡಿ

ನನ್ನ ಪ್ರಕಾರ ಆತ್ಮವಿಶ್ವಾಸವನ್ನು ತಿನ್ನುವುದು ಮೂಲೆಯಲ್ಲಿರುವ ನಮ್ಮದೇ ಮುಖ. ಕೂದಲು ಸರಿ ಇದೆಯಾ, ನಗು ಜಾಸ್ತಿ ಆಯ್ತಾ ಅಂತ ಕಣ್ಣು ಅತ್ತಲೇ ಓಡುತ್ತದೆ. ವಿಡಿಯೊ ಕಾಲ್ ಸುಸ್ತು ಮಾಡುವುದೇಕೆ ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದ ಲೇಖನದಲ್ಲಿ ಕೊಟ್ಟ ನಾಲ್ಕು ಕಾರಣಗಳಲ್ಲಿ ಇದೂ ಒಂದು. ಶುರುವಿನಲ್ಲಿ ಒಮ್ಮೆ ನೋಡಿ, ಎಲ್ಲ ಸರಿ ಇದ್ದರೆ ಝೂಮ್‌ನಲ್ಲಿ 'ಹೈಡ್ ಸೆಲ್ಫ್ ವ್ಯೂ' ಒತ್ತಿ. ಬೇರೆಯವರಿಗೆ ನೀವು ಕಾಣುತ್ತಲೇ ಇರುತ್ತೀರಿ.

ಈಗ ಎದುರಿನವರ ಚೌಕವನ್ನು ಎಳೆದು ಲೆನ್ಸ್‌ನ ಕೆಳಗೇ ತಂದಿಡಿ. ಕೇಳುವಾಗ ಅವರ ಮುಖ ನೋಡಿ, ಮುಖ್ಯವಾದ ಮಾತು ಹೇಳುವಾಗ ಲೆನ್ಸ್ ನೋಡಿ. ಇಡೀ ಹೊತ್ತು ಲೆನ್ಸನ್ನೇ ದುರುಗುಟ್ಟಿ ನೋಡುವ ಅಗತ್ಯವಿಲ್ಲ. ಹೇಳಬೇಕಾದ ಮೂರು ಅಂಶಗಳನ್ನು ಚೀಟಿಯಲ್ಲಿ ಬರೆದು ಲೆನ್ಸ್ ಪಕ್ಕ ಅಂಟಿಸಿ. ಪೂರ್ತಿ ವಾಕ್ಯ ಬರೆದರೆ ಓದುತ್ತಿದ್ದೀರಿ ಅಂತ ಕಣ್ಣೇ ಹೇಳಿಬಿಡುತ್ತದೆ.

6. ಒಬ್ಬರೇ ಒಂದು ಮೀಟಿಂಗ್ ಮಾಡಿ

ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತು ಎರಡು ನಿಮಿಷ ರೆಕಾರ್ಡ್ ಮಾಡಿ ನೋಡಿ. ಮ್ಯೂಟ್ ಮಾಡುವುದು ಬೆರಳಿಗೆ ರೂಢಿಯಾಗಲಿ: ವಿಂಡೋಸ್‌ನಲ್ಲಾದರೆ ಗೂಗಲ್ ಮೀಟ್‌ಗೆ ಕಂಟ್ರೋಲ್ ಮತ್ತು ಡಿ, ಝೂಮ್‌ಗೆ ಆಲ್ಟ್ ಮತ್ತು ಎ. ಶೇರ್ ಮಾಡುವಾಗ ಇಡೀ ಸ್ಕ್ರೀನ್ ಕೊಡದೆ ಬೇಕಾದ ಒಂದು ವಿಂಡೋ ಮಾತ್ರ ಕೊಡಿ. ಲೀವ್ ಬಟನ್ ಎಲ್ಲಿದೆ ಅಂತಲೂ ನೋಡಿಟ್ಟುಕೊಳ್ಳಿ. ಥ್ಯಾಂಕ್ಸ್ ಹೇಳಿದ ಮೇಲೆ ಅದಕ್ಕಾಗಿ ತಡಕಾಡುವುದು ಬೇಡ. ಕ್ಯಾಮೆರಾ ಪಕ್ಕದ ದೀಪ ಆರಿದ್ದು ಖಾತ್ರಿಯಾಗುವವರೆಗೆ ಮೀಟಿಂಗ್ ಬಗ್ಗೆ ಯಾರಿಗೂ ಏನೂ ಹೇಳಬೇಡಿ.