ದಾರಿ ಹುಡುಕುವ ಕೋಡ್ ಓದೋಕೆ ಬರುವ ಹಾಗೆ ಮಾಡಿದ್ದು

ನಮ್ಮ ಪ್ರಾಜೆಕ್ಟ್‌ನಲ್ಲಿ ಗ್ರಾಫ್ (ನೋಡ್ ಅನ್ನೋ ಬಿಂದುಗಳು, ಅವನ್ನು ಜೋಡಿಸುವ ಎಡ್ಜ್ ಅನ್ನೋ ಗೆರೆಗಳು) ಒಳಗೆ ದಾರಿ ಹುಡುಕುವ ಕೆಲಸವೆಲ್ಲ ಒಂದೇ ರಿಕರ್ಸಿವ್ (ತನ್ನನ್ನೇ ಮತ್ತೆ ಕರೆಯುವ) ಫಂಕ್ಷನ್‌ನಲ್ಲಿತ್ತು. ಎಡ್ಜ್ ಯಾವ ದಿಕ್ಕಿನದು, ಎಷ್ಟು ಆಳ ಹೋಗಬೇಕು, ಎಲ್ಲಿ ನಿಲ್ಲಬೇಕು, ಸಿಕ್ಕ ದಾರಿಯನ್ನು ಎಲ್ಲಿ ಕೂಡಿಡಬೇಕು, ಎಲ್ಲವೂ ಇಫ್ ಒಳಗೆ ಇಫ್. ಉತ್ತರ ಸರಿಯಾಗೇ ಬರುತ್ತಿತ್ತು. ಆದರೆ ಅದನ್ನು ಮುಟ್ಟೋಕೆ ಯಾರಿಗೂ ಧೈರ್ಯ ಇರಲಿಲ್ಲ.

ಮೊದಲು ಟೆಸ್ಟ್ ಬರೆದೆ. ದೊಡ್ಡ ಡೇಟಾ ಬೇಕಿಲ್ಲ. ಒಂದು ನೇರ ಸಾಲು, ಒಂದು ಸೈಕಲ್ (ಸುತ್ತಿ ಶುರುವಾದಲ್ಲಿಗೇ ಬರುವ ದಾರಿ), ತನ್ನನ್ನೇ ತೋರಿಸುವ ಒಂದು ನೋಡ್, ಆಮೇಲೆ ಎರಡಾಗಿ ಕವಲೊಡೆದು ಮತ್ತೆ ಕೂಡುವ ಒಂದು ಗ್ರಾಫ್.

ಕೋಡ್‌ನ ನಿಜವಾದ ಗಂಟು ಬಯಲಾಗಿದ್ದು ಈ ಕೊನೆಯದರಲ್ಲಿ. ಎ ಯಿಂದ ಡಿ ಗೆ ಬಿ ಮೂಲಕವೂ ಹೋಗಬಹುದು, ಸಿ ಮೂಲಕವೂ ಹೋಗಬಹುದು. ಡಿ ತಲುಪಬಹುದಾ ಅಂತ ಮಾತ್ರ ತಿಳಿಯಬೇಕಿದ್ದರೆ, ಒಮ್ಮೆ ನೋಡಿದ ನೋಡನ್ನು ಮತ್ತೆ ನೋಡಬೇಕಿಲ್ಲ. ಇಡೀ ಹುಡುಕಾಟಕ್ಕೆ ಒಂದೇ ವಿಸಿಟೆಡ್ ಸೆಟ್, ಅಂದರೆ ಈಗಾಗಲೇ ನೋಡಿದ ನೋಡ್‌ಗಳ ಪಟ್ಟಿ, ಸಾಕು. ಎಲ್ಲ ದಾರಿಗಳೂ ಬೇಕಿದ್ದರೆ ಹಾಗೆ ಮಾಡಿದಾಗ ಎರಡನೇ ದಾರಿ ಸಿಗೋದೇ ಇಲ್ಲ. ಆಗ ಪ್ರತಿ ದಾರಿಗೂ ಅದರದೇ ಲೆಕ್ಕ ಬೇಕು. ಇವು ಎರಡು ಬೇರೆ ಪ್ರಶ್ನೆಗಳು, ಅಲ್ವಾ? ಹಳೆಯ ಕೋಡ್ ಎರಡಕ್ಕೂ ಒಂದೇ ಸೆಟ್ ಇಟ್ಟುಕೊಂಡು, ಹಿಂದೆ ಬರುವಾಗ ನೋಡನ್ನು ತೆಗೆಯಬೇಕೋ ಬೇಡವೋ ಅನ್ನೋದನ್ನು ಹೌದು-ಇಲ್ಲ ಅಂತ ಹೇಳುವ ಒಂದು ಬೂಲಿಯನ್‌ಗೆ ಬಿಟ್ಟಿತ್ತು.

ಆ ಬೂಲಿಯನ್ ತೆಗೆದು ಎರಡು ಫಂಕ್ಷನ್ ಮಾಡಿದೆ. ಒಂದು ತಲುಪುವ ನೋಡ್‌ಗಳನ್ನು ಕೊಡುತ್ತದೆ, ಇನ್ನೊಂದು ಎಲ್ಲ ದಾರಿಗಳನ್ನು. ದಿಕ್ಕು ಮತ್ತು ಎಡ್ಜ್ ಫಿಲ್ಟರ್ ನೋಡಿ ಪಕ್ಕದ ನೋಡ್‌ಗಳನ್ನು ಕೊಡುವ ಚಿಕ್ಕ ಫಂಕ್ಷನ್ ಎರಡಕ್ಕೂ ಒಂದೇ. ಸ್ವಲ್ಪ ಕೋಡ್ ಎರಡು ಕಡೆ ಬಂತು, ನಿಜ. ಆದರೂ ಹೆಸರು ನೋಡಿದ ಕೂಡಲೇ ಕೆಲಸ ಗೊತ್ತಾಗೋದು ನನಗೆ ಮುಖ್ಯ.

ಸೈಫರ್ (ಗ್ರಾಫ್ ಡೇಟಾಬೇಸ್‌ನಲ್ಲಿ ಹುಡುಕೋಕೆ ಬಳಸುವ ಭಾಷೆ) ಕ್ವೆರಿಗಳಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಉದ್ದದ ಮ್ಯಾಚ್ (ಯಾವ ರೀತಿಯ ದಾರಿ ಬೇಕು ಅಂತ ಹೇಳುವ ಭಾಗ) ಕಂಡರೆ ಎರಡಾಗಿ ಒಡೆದರೆ ಓದೋಕೆ ಸುಲಭ ಅನಿಸುತ್ತದೆ. ಆದರೆ ಸೈಫರ್ ಸಾಮಾನ್ಯವಾಗಿ ಒಂದೇ ಮ್ಯಾಚ್ ಒಳಗೆ ಒಂದು ಎಡ್ಜನ್ನು, ಅದರ ಭಾಷೆಯಲ್ಲಿ ಒಂದು ರಿಲೇಶನ್‌ಶಿಪ್ಪನ್ನು ಎರಡು ಸಲ ಬಳಸುವುದಿಲ್ಲ. ಎರಡು ಮ್ಯಾಚ್ ಆದರೆ ಆ ತಡೆ ಇರುವುದಿಲ್ಲ. ಗೆಳೆಯರ ಗೆಳೆಯರನ್ನು ದಿಕ್ಕು ಹೇಳದೆ ಹುಡುಕುವ ಕ್ವೆರಿಯನ್ನು ಹಾಗೆ ಒಡೆದರೆ, ಹೋದ ಎಡ್ಜ್‌ನಲ್ಲೇ ವಾಪಸ್ ಬಂದು, ಯಾರಿಂದ ಹುಡುಕಾಟ ಶುರುವಾಯಿತೋ ಅವರೇ ಪಟ್ಟಿಯಲ್ಲಿ ಕಾಣಿಸುತ್ತಾರೆ. ಹಾಗಾಗಿ ಅದನ್ನು ಒಂದೇ ಮ್ಯಾಚ್ ಆಗಿ ಉಳಿಸಿಕೊಂಡೆ. ಪ್ರತಿ ಹೆಜ್ಜೆಯನ್ನು ಹೊಸ ಸಾಲಿಗೆ ತಂದು, ನಡುವಿನ ನೋಡ್‌ಗಳಿಗೆ ಒಂದಕ್ಷರದ ಬದಲು ಅರ್ಥ ಇರುವ ಹೆಸರು ಕೊಟ್ಟೆ. ಯಾಕೆ ಒಡೆದಿಲ್ಲ ಅಂತ ಒಂದು ಸಾಲಿನ ಕಾಮೆಂಟ್ ಹಾಕಿದ್ದೇನೆ. ಯಾರಾದರೂ ಒಡೆದರೆ ಫೇಲ್ ಆಗುವ ಟೆಸ್ಟೂ ಪಕ್ಕದಲ್ಲೇ ಇದೆ.