ಡ್ರಾಯರಿನಲ್ಲಿ ಉರುಳಾಡುವ ಸೆಲ್ಲುಗಳಿಗೊಂದು ಜಾಗ

ಮೊದಲ ಕೆಲಸ, ಮನೆಯಲ್ಲಿ ಅಲ್ಲಲ್ಲಿ ಬಿದ್ದಿರುವ ಸೆಲ್ಲುಗಳನ್ನೆಲ್ಲ ತಂದು ಹಳೇ ಪೇಪರಿನ ಮೇಲೆ ಹರಡಿಕೊಳ್ಳುವುದು. ಟಿವಿ ಸ್ಟ್ಯಾಂಡಿನ ಹಿಂದೆ ಎರಡು, ಹೊಲಿಗೆ ಡಬ್ಬಿಯಲ್ಲಿ ಒಂದು, ಡ್ರಾಯರಿನ ಮೂಲೆಯಲ್ಲಿ ಮೊಳೆ, ಸೇಫ್ಟಿ ಪಿನ್ನು, ಚಿಲ್ಲರೆ ಕಾಸಿನ ಜೊತೆ ಏಳೆಂಟು. ಇವುಗಳಲ್ಲಿ ಹೊಸದ್ಯಾವುದು, ‘ಇನ್ನೂ ಸ್ವಲ್ಪ ಜೀವ ಇದೆ’ ಎಂದು ರಿಮೋಟಿನಿಂದ ಬಿಚ್ಚಿಟ್ಟದ್ದು ಯಾವುದು ಎನ್ನುವುದು ಇಟ್ಟವರಿಗೇ ನೆನಪಿರುವುದಿಲ್ಲ.

ಸೋರಿದ್ದು, ತುಕ್ಕು ಹಿಡಿದದ್ದು ಕಂಡರೆ ಪಕ್ಕಕ್ಕಿಡಿ. ಉಳಿದವುಗಳ ಮೈಮೇಲೆ ಅಚ್ಚಾಗಿರುವ ತಿಂಗಳು, ವರ್ಷ ನೋಡಿ. ಅಗ್ಗದ ಸಾದಾ ಸೆಲ್, ಅಂದರೆ ಕಾರ್ಬನ್-ಜಿಂಕ್, ಬಳಸದೇ ಇಟ್ಟರೆ ಎರಡು-ಮೂರು ವರ್ಷ ಬರುತ್ತದೆ, ಹೆಚ್ಚು ಬಾಳುವ ಆಲ್ಕಲೈನ್ 5ರಿಂದ 10 ವರ್ಷ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಹೊಸ ಆಲ್ಕಲೈನ್ ಸೆಲ್ 1.5 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸುತ್ತದೆ, 1.3ರ ಆಸುಪಾಸಿನದು ಗೋಡೆ ಗಡಿಯಾರಕ್ಕೆ ಸಾಕು. ಆದರೆ ರೀಚಾರ್ಜ್ ಮಾಡುವ ಸೆಲ್ ಚೆನ್ನಾಗಿದ್ದರೂ 1.2ರ ಸುತ್ತಲೇ ಇರುತ್ತದೆ. ಸತ್ತಿದೆಯೆಂದು ಅದನ್ನು ಎಸೆಯಬೇಡಿ.

ಮೀಟರ್ ಇಲ್ಲದವರು ಒಂದು ಆಟ ಆಡಿ ನೋಡಬಹುದು. ಆಲ್ಕಲೈನ್ ಸೆಲ್ಲನ್ನು ಮೇಜಿನಿಂದ ಒಂದಿಂಚು ಮೇಲೆ ನೆಟ್ಟಗೆ ಹಿಡಿದು ಕೈಬಿಡಿ. ಹೊಸದು ‘ದಪ್’ ಎಂದು ಸುಮ್ಮನಾಗುತ್ತದೆ, ಬಳಸಿದ್ದು ಪುಟಿಯುತ್ತದೆ. ಒಳಗಿನ ಲೋಳೆಯಂಥ ಸತುವು ಬಳಸುತ್ತಾ ಹೋದಂತೆ ಸತುವಿನ ಆಕ್ಸೈಡ್ ಆಗಿ ಬಿಗಿಯುವುದೇ ಕಾರಣ. ಅರ್ಧ ಖರ್ಚಾದ ಸೆಲ್ಲೂ ಜೋರಾಗಿಯೇ ಪುಟಿಯುವುದರಿಂದ ಹೊಸದನ್ನು ಬೇರೆ ಮಾಡಲು ಮಾತ್ರ ಈ ಆಟ ನಂಬಿ.

ಡಬ್ಬಿ ಸ್ಟೀಲಿನದು ಬೇಡ

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಪ್ಯಾಕೆಟ್ ಒಡೆಯದ ಸೆಲ್ಲುಗಳು ಪ್ಯಾಕೆಟ್ಟಿನಲ್ಲೇ ಇರಲಿ. ಬಿಡಿ ಸೆಲ್ಲುಗಳನ್ನು ಪ್ಲಸ್ ತುದಿ ಒಂದೇ ಕಡೆ ಬರುವಂತೆ ಒತ್ತಾಗಿ ಜೋಡಿಸಿ. ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಲೋಹ ಅಡ್ಡ ಬರಬಾರದು, ಇಷ್ಟೇ ಲೆಕ್ಕ.

ಈ ಲೆಕ್ಕ ತಪ್ಪುವುದು ಹೆಚ್ಚಾಗಿ 9 ವೋಲ್ಟಿನ ಚೌಕ ಬ್ಯಾಟರಿಯಲ್ಲಿ. ಬೇರೆ ಸೆಲ್ಲುಗಳಲ್ಲಿ ಪ್ಲಸ್ ಒಂದು ತುದಿಗೆ, ಮೈನಸ್ ಇನ್ನೊಂದು ತುದಿಗೆ. ಇದರಲ್ಲಿ ಎರಡೂ ಒಂದೇ ತಲೆಯ ಮೇಲೆ, ಬೆರಳಗಲದ ಅಂತರದಲ್ಲಿ. ಒಂದು ಬೀಗದ ಕೈ ಅಡ್ಡ ಬಿದ್ದರೂ ಶಾರ್ಟ್ ಆಗಿ ಬಿಸಿಯೇರುತ್ತದೆ. ಪಾತ್ರೆ ಉಜ್ಜುವ ಸಣ್ಣೆಳೆಯ ಸ್ಟೀಲ್ ನಾರು ತಗುಲಿದರಂತೂ ಎಳೆಗಳು ಕೆಂಡವಾಗಿ ಪಕ್ಕದ ಕಾಗದಕ್ಕೆ ಬೆಂಕಿ ಹತ್ತುತ್ತದೆ. ಹೊಗೆ ಅಲಾರಂ ನಡೆಸಲಾಗದಷ್ಟು ಸೋತ ಬ್ಯಾಟರಿಗೂ ಬಿಸಿಯೇರುವಷ್ಟು ಶಕ್ತಿ ಉಳಿದಿರಬಹುದು. ಹಾಗಾಗಿ ಹೊಸದಿರಲಿ ಹಳೆಯದಿರಲಿ, ತಲೆಯ ಮೇಲೊಂದು ಟೇಪ್ ಅಂಟಿಸಿಯೇ ಇಡಿ.

ಫ್ರಿಜ್ಜಿನ ಮಾತು

ಫ್ರಿಜ್ಜಿನಲ್ಲಿಟ್ಟರೆ ಬಾಳಿಕೆ ಹೆಚ್ಚು ಎನ್ನುವವರು ಈಗಲೂ ಸಿಗುತ್ತಾರೆ. ರೀಚಾರ್ಜ್ ಮಾಡುವ ಮೊದಮೊದಲ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಸುಮ್ಮನಿದ್ದರೂ ಕೆಲವೇ ವಾರಗಳಲ್ಲಿ ಸಾಕಷ್ಟು ಚಾರ್ಜ್ ಕಳೆದುಕೊಳ್ಳುತ್ತಿದ್ದವು. ತಂಪು ಅದನ್ನು ನಿಧಾನಿಸುತ್ತಿತ್ತು. 2005ರಿಂದ ಬಂದ ಹೊಸ ಬಗೆಯವು ವರ್ಷ ಕಳೆದರೂ ಬಹುಪಾಲು ಚಾರ್ಜ್ ಹಿಡಿದಿಡುತ್ತವೆ. ಆಲ್ಕಲೈನ್ ಸೆಲ್ ಸಾಧಾರಣ ಕೋಣೆಯಲ್ಲೇ ವರ್ಷಕ್ಕೆ ಶೇ 2–3ರಷ್ಟು ಮಾತ್ರ ಕಳೆದುಕೊಳ್ಳುವಾಗ ಫ್ರಿಜ್ಜು ಉಳಿಸಿಕೊಡುವುದೇನು? ಬದಲಿಗೆ, ಹೊರತೆಗೆದ ಕೂಡಲೇ ಮೈಮೇಲೆ ನೀರ ಹನಿ ಕೂತು ತುದಿಗಳಿಗೆ ತುಕ್ಕು.

15ರಿಂದ 25 ಡಿಗ್ರಿ ಸೆಲ್ಸಿಯಸ್ ಇರುವ ಒಣ ಜಾಗ ಹಿತ. ಮಲಗುವ ಕೋಣೆಯ ಬೀರುವಿನ ಮೇಲಿನ ಅರೆ ನನ್ನ ಆಯ್ಕೆ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿ, ಬಚ್ಚಲು, ನಿಲ್ಲಿಸಿದ ಕಾರು ಇವೆಲ್ಲ ಬೇಡ. ಫ್ರಿಜ್ಜಿನ ನೆತ್ತಿಯೂ ಬೇಡ, ಅಲ್ಲಿ ಬಿಸಿ.

ಬಟನ್ ಸೆಲ್ ಬೇರೆಯೇ

ನಾಣ್ಯದಂಥ ಈ ಚಪ್ಪಟೆ ಸೆಲ್ಲುಗಳನ್ನು ಅದೇ ಡಬ್ಬಿಗೆ ಹಾಕಬೇಡಿ. ಇವುಗಳಲ್ಲೊಂದಾದ ಸಿಆರ್ 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅಳತೆ ಹೆಸರಿನಲ್ಲೇ ಇದೆ. ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಸರಿಯಾದ ಅಳತೆಯೂ ಅದೇ. ಒದ್ದೆ ಜಾಗದಲ್ಲಿ ಅದರ 3 ವೋಲ್ಟಿನಿಂದ ಕರೆಂಟು ಹರಿದು ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ನಾಳ ಸುಟ್ಟುಹೋಗಬಹುದು. ರಿಮೋಟಿಗೆ ಸಾಲದೆಂದು ತೆಗೆದ ಸೆಲ್ಲಿಗೂ ಇದು ಸಾಧ್ಯ. ಹೊಸದು ಪ್ಯಾಕಿನಲ್ಲೇ, ಬೀಗವಿರುವ ಕಡೆ ಇರಲಿ. ತೆಗೆದದ್ದಕ್ಕೆ ಎರಡೂ ಬದಿ ಟೇಪ್ ಸುತ್ತಿ, ಆ ಕ್ಷಣವೇ ಕೈಗೆಟುಕದ ಕಡೆ ಇಡಿ. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಕೆಮ್ಮಿಗೆ, ನೋವಿಗೆ ಕಾಯಬೇಡಿ. ವಾಂತಿ ಮಾಡಿಸದೆ, ಎಕ್ಸ್-ರೇ ಇರುವ ಆಸ್ಪತ್ರೆಗೆ ಓಡಿ. ಖಾಲಿ ಪ್ಯಾಕ್ ಜೊತೆಗಿದ್ದರೆ ವೈದ್ಯರಿಗೆ ಅನುಕೂಲ.

ಮೊಬೈಲಿನಲ್ಲಿರುವಂಥ ಲಿಥಿಯಂ ಅಯಾನ್ ಬ್ಯಾಟರಿ, ಪವರ್ ಬ್ಯಾಂಕುಗಳನ್ನು ತಿಂಗಳುಗಟ್ಟಲೆ ಮುಟ್ಟುವುದಿಲ್ಲವೆಂದರೆ ಅರ್ಧ ಚಾರ್ಜಿನಲ್ಲಿಡಿ. ಉಬ್ಬಿದ್ದನ್ನು ಒತ್ತುವುದು, ಚುಚ್ಚುವುದು, ‘ಒಮ್ಮೆ ಚಾರ್ಜಿಗಿಟ್ಟು ನೋಡೋಣ’ ಎನ್ನುವುದು ಯಾವುದೂ ಬೇಡ. ಬಟ್ಟೆ, ಕಾಗದದಿಂದ ದೂರವಿಟ್ಟು ಬೇಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಮುಗಿದ ಸೆಲ್ಲುಗಳಿಗೂ ಒಂದು ಬೇರೆ ಡಬ್ಬಿ ಮಾಡಿ, ಅದೂ ಅಲ್ಲಿಗೇ ಹೋಗಲಿ.

ಸಾಮಾನಿನೊಳಗೆ ಉಳಿದವು

ಒಂದು ರಾತ್ರಿ ಕರೆಂಟು ಹೋದಾಗ ನನ್ನ ಟಾರ್ಚು ಹತ್ತಲಿಲ್ಲ. ಬೆಳಗ್ಗೆ ತೆರೆದರೆ ಸ್ಪ್ರಿಂಗಿನ ಸುತ್ತ ಉಪ್ಪು ಹರಳುಗಟ್ಟಿದಂತೆ ಬಿಳಿ ಪುಡಿ. ಸೆಲ್ಲುಗಳು ಕುಟ್ಟಿದರೂ ಈಚೆ ಬರಲೊಲ್ಲವು. ವರ್ಷದ ಹಿಂದೆ ಒಂದೇ ಸೆಲ್ ಬದಲಿಸಿ, ಹಳೆಯದೊಂದನ್ನು ಹಾಗೇ ಬಿಟ್ಟಿದ್ದೆ. ಹಾಗೆ ಬೆರೆಸಿದಾಗ ಸೋತ ಸೆಲ್ಲನ್ನು ಹೊಸದು ಒತ್ತಾಯದಿಂದ ದುಡಿಸುತ್ತದೆ, ಒಳಗೆ ಅನಿಲ ತುಂಬಿ ಅದು ಸೋರುತ್ತದೆ. ಬದಲಿಸಿದರೆ ಎಲ್ಲವನ್ನೂ ಬದಲಿಸಬೇಕು.

ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಗಾಳಿ ತಾಗಿ ಬಿಳಿ ಪುಡಿಯಾಗುತ್ತದೆ. ಕೈಗವಸು ಹಾಕಿ, ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ವಿನೆಗರಿನಲ್ಲೋ ನಿಂಬೆರಸದಲ್ಲೋ ಅದ್ದಿ ಒರೆಸಿದರೆ ಬುರುಗೆದ್ದು ಕರಗುತ್ತದೆ. ಮತ್ತೆ ನೀರು ಸೋಕಿಸಿದ ಕಡ್ಡಿಯಿಂದ ಒರೆಸಿ ಪೂರ್ತಿ ಒಣಗಿಸಿ. ನನ್ನ ಟಾರ್ಚು ಹೀಗೇ ಬದುಕಿತು, ಸ್ಪ್ರಿಂಗು ಮಾತ್ರ ಇವತ್ತಿಗೂ ಕಪ್ಪಗಿದೆ.

ತಿಂಗಳುಗಟ್ಟಲೆ ಮುಟ್ಟದ ಆಟಿಕೆ, ರೇಡಿಯೊಗಳಿಂದ ಸೆಲ್ ತೆಗೆದಿಡಿ. ಟಾರ್ಚಿಗೂ ಹಾಗೇ ಮಾಡಿದರೆ ಕತ್ತಲಲ್ಲಿ ಡಬ್ಬಿ ಹುಡುಕುವುದು ಹೇಗೆ ಎನ್ನಬಹುದು. ಒಂದೇ ದಿನ ಕೊಂಡ ಸೆಲ್ಲುಗಳನ್ನು ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ರಬ್ಬರ್ ಬ್ಯಾಂಡಿನಿಂದ ಟಾರ್ಚಿನ ಹಿಡಿಗೇ ಬಿಗಿದಿಡಿ. ಕಣ್ಣು ಮುಚ್ಚಿಕೊಂಡು ಒಮ್ಮೆ ಹಾಕಿ ಅಭ್ಯಾಸ ಮಾಡಿಕೊಳ್ಳಿ. ಸ್ಪ್ರಿಂಗ್ ಇರುವ ಕಡೆ ಸೆಲ್ಲಿನ ಚಪ್ಪಟೆ ತುದಿ.